ನನಗೆ ಬರುವ ಜಲಜಕ್ಕನ ಬಿಲ್ಲು

ಕಡಿಯಾಳಿಯ ನಮ್ಮ ಮನೆಗೆ ಇಂಟರ್‌ನೆಟ್ ಕೊಡುವವರು ಹೋದ ತಿಂಗಳು ಒಂದು ಹಾಳೆ ಕಳಿಸಿದರು. ಅದರಲ್ಲಿ ಎರಡು ಪುಟ್ಟ ಚೌಕಗಳು. ಒಂದರ ಮುಂದೆ ‘ಕಾಗದದ ಬಿಲ್’, ಇನ್ನೊಂದರ ಮುಂದೆ ‘ಇ-ಬಿಲ್’. ಒಂದಕ್ಕೆ ಗುರುತು ಹಾಕಿ ಸಹಿ ಮಾಡಿ ಕೊಡಬೇಕು. ಕಾಗದ ಬೇಕೇ ಬೇಡವೇ ಎಂದು ಕೇಳುವುದಕ್ಕೂ ಕಾಗದವನ್ನೇ ಕಳಿಸಿದ್ದಾರೆ, ನೋಡಿ. ಆ ಹಾಳೆ ಎಷ್ಟೋ ದಿನ ಫ್ರಿಜ್ಜಿನ ಮೇಲೆಯೇ ಕೂತಿತ್ತು. ಸೀರೆಯಂಗಡಿಯಲ್ಲಿ ನಾನು ಎರಡು ಬಣ್ಣದ ನಡುವೆ ಒಂದು ಗಂಟೆ ನಿಲ್ಲುವುದನ್ನು ಕಂಡಿರುವ ನನ್ನ ಗಂಡ, “ಇದಕ್ಕೂ ಅಷ್ಟೇ ಹೊತ್ತು ಬೇಕಾ?” ಎಂದು ಕೇಳಿದರು.

ಬೇಕು. ಏಕೆಂದರೆ ಬಿಲ್ಲಿನ ವಿಷಯದಲ್ಲಿ ನಾನು ಹಿಂದೊಮ್ಮೆ ಆಯ್ಕೆ ಮಾಡಿದ್ದೆ. ನನ್ನ ಬಿಲ್ಲಿಗಲ್ಲ, ಜಲಜಕ್ಕನ ಕರೆಂಟ್ ಬಿಲ್ಲಿಗೆ. ಅದು ಇನ್ನೂ ಪ್ರತಿ ತಿಂಗಳು ನನ್ನ ಫೋನಿಗೆ ಬರುತ್ತದೆ.

ಜಲಜಕ್ಕ ಯಾರೆಂದು ಹೇಳುತ್ತೇನೆ. ಮದುವೆಗೆ ಮುಂಚೆ ನಾನು ನಿಟ್ಟೆಯ ಕಡೆ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ನಾಲ್ಕು ವರ್ಷ ಜಲಜಕ್ಕನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಮನೆಯ ಮುಂದಿನ ಜಗುಲಿಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ಸುತ್ತಲಿನ ಹಾಸ್ಟೆಲುಗಳ ಹುಡುಗಿಯರೆಲ್ಲ ಅವರ ಗಿರಾಕಿಗಳು. ಜಲಜಕ್ಕನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ “ಅಳತೆಗೆ ಸರಿಯಾದವರು ಸಿಗಲಿಲ್ಲ” ಎಂದು ಹೇಳಿ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡುಬಿಡುತ್ತಿದ್ದರು. ಆಮೇಲೆ ಯಾರೂ ಮಾತು ಮುಂದುವರಿಸುವಂತಿರಲಿಲ್ಲ. ನನ್ನನ್ನು ಅವರು ‘ಟೀಚರೇ’ ಎಂದೇ ಕರೆಯುತ್ತಿದ್ದರು. ಪುಸ್ತಕ ಮುಟ್ಟುವವರೆಲ್ಲ ಅವರ ಲೆಕ್ಕದಲ್ಲಿ ಟೀಚರೇ. ನನ್ನ ಊರು ಕುಂದಾಪುರದ ಕಡೆ. ತುಳು ಅರ್ಥವಾಗುತ್ತದೆ, ಆಡಲು ಹೋದರೆ ಕೇಳಿದವರು ಮುಖ ತಿರುಗಿಸಿ ನಗುತ್ತಾರೆ. ಹಾಗಾಗಿ ಜಲಜಕ್ಕ ನನ್ನೊಡನೆ ಕನ್ನಡದಲ್ಲೇ, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು.

ಅವರ ಮನೆಯಲ್ಲಿ ಕರೆಂಟ್ ಬಿಲ್ಲಿಗೆ ಇನ್ನೊಂದು ಕೆಲಸವಿತ್ತು. ಮೀಟರ್ ನೋಡಲು ಬಂದವರು ಸೊಂಟದ ಮಿಷನ್ನಿನಿಂದ ಹರಿದು ಕೊಡುವ ಆ ಉದ್ದನೆಯ ಚೀಟಿಯ ಹಿಂದೆ ಜಲಜಕ್ಕ ಅಳತೆ ಬರೆಯುತ್ತಿದ್ದರು. ಎದೆ, ಸೊಂಟ, ಭುಜ, ತೋಳು, ಎಲ್ಲ ಒಂದರ ಕೆಳಗೊಂದು. ಅದನ್ನು ಬಟ್ಟೆಗೆ ಗುಂಡುಸೂಜಿಯಲ್ಲಿ ಚುಚ್ಚಿಡುತ್ತಿದ್ದರು. ಅಂಗಡಿಯ ಬಿಲ್ಲು, ಬಸ್ಸಿನ ಟಿಕೆಟ್ಟು ಏನನ್ನು ಕೊಟ್ಟರೂ ಅವರಿಗೆ ಹಿಡಿಸುತ್ತಿರಲಿಲ್ಲ. “ಟಿಕೇಟಿನಲ್ಲಿ ತೋಳಿಗೆ ಬರುವಾಗ ಜಾಗ ಮುಗೀತದೆ. ಈ ಬಿಲ್ ಉಂಟಲ್ಲ, ಇದು ಒಂದು ಬ್ಲೌಸಿಗೆ ಸರೀ ಆಗ್ತದೆ” ಎನ್ನುತ್ತಿದ್ದರು. ತಿಂಗಳಿಗೆ ಒಂದೇ ಬಿಲ್ಲು ಬರುವುದರಿಂದ ಅಕ್ಕಪಕ್ಕದ ಮನೆಗಳವೂ ಹಣ ಕಟ್ಟಿದ ಮೇಲೆ ಅವರ ಜಗುಲಿಗೇ ಬಂದು ಸೇರುತ್ತಿದ್ದವು.

ಒಂದು ದಿನ ನಾನು ಕೆಲಸದಿಂದ ಬರುವಾಗ ಜಲಜಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಕಂಗಾಲಾಗಿ ನಿಂತಿದ್ದರು. ಮೇಜಿನ ಮೇಲೆ ಒಂದು ಹಳದಿ ಬ್ಲೌಸು, ಅದರ ಮೇಲೆ ಮಸಿಯಂತೆ ಕಪ್ಪಾದ ಒಂದು ಚೀಟಿ. ಹೊಸದಾಗಿ ಬಂದ ಬಿಲ್ಲಿನ ಹಿಂದೆ ಅಳತೆ ಬರೆದು ಚುಚ್ಚಿದ್ದನ್ನು ಮರೆತು ಅದರ ಮೇಲೆಯೇ ಇಸ್ತ್ರಿ ಎಳೆದಿದ್ದರು.

“ಎಂತ ಮಾರಾಯ್ರೆ ಇದು? ಬ್ಲೌಸ್ ಸುಡಲಿಲ್ಲ, ಬಿಲ್ ಮಾತ್ರ ಸುಟ್ಟಿತು!”

ಸುಟ್ಟಿರಲಿಲ್ಲ. ಅದು ಕಾವಿನಿಂದಲೇ ಅಕ್ಷರ ಮೂಡುವ ಕಾಗದ, ಕಾವು ಹೆಚ್ಚಾದರೆ ಇಡೀ ಚೀಟಿಯೇ ಒಂದು ಅಕ್ಷರವಾಗಿಬಿಡುತ್ತದೆ. ಹಿಂಬದಿಯ ಅಳತೆ ಹಾಗೇ ಇತ್ತು. ಮುಂಬದಿಯ ಬಿಲ್ಲು ಮಾತ್ರ ಮಾಯ. ಎಷ್ಟು ಕಟ್ಟಬೇಕೆಂದು ತಿಳಿಯಲು ದಾರಿ ಇಲ್ಲ. ನನಗೆ ಆಗ ಹೊಸ ಫೋನ್ ಬಂದಿದ್ದ ಕಾಲ, ಕೈ ತುರಿಸುತ್ತಿತ್ತು. “ಇಷ್ಟಕ್ಕೆ ಯಾಕೆ ಹೆದರುತ್ತೀರಿ?” ಎಂದು ಜಂಬದಿಂದ ಹಳೆಯ ಬಿಲ್ಲಿನ ಸಂಖ್ಯೆ ನೋಡಿ ಇ-ಬಿಲ್ಲಿಗೆ ನೋಂದಾಯಿಸಿದೆ. ಮೊಬೈಲ್ ನಂಬರ್ ಕೇಳಿತು. ಜಲಜಕ್ಕನ ಬಳಿ ಗುಂಡಿ ಒತ್ತುವ ಹಳೆಯ ಫೋನಿತ್ತು, ಅದರ ನಂಬರು ಅವರಿಗೇ ಗೊತ್ತಿರಲಿಲ್ಲ. “ಸದ್ಯಕ್ಕೆ ನಿಮ್ಮದೇ ಕೊಡಿ” ಎಂದರು. ಕೊಟ್ಟೆ. ಮರುವರ್ಷ ನನ್ನ ಮದುವೆಯಾಯಿತು, ಕಡಿಯಾಳಿಗೆ ಬಂದೆ, ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ಆ ‘ಸದ್ಯಕ್ಕೆ’ ಏಳು ವರ್ಷದಿಂದ ನಡೆಯುತ್ತಿದೆ.

ಮೊದಮೊದಲು ಆ ಸಂದೇಶ ಬಂದರೆ ಅಳಿಸಿಬಿಡುತ್ತಿದ್ದೆ. ಆಮೇಲೆ ಯೂನಿಟ್ ನೋಡುವ ಚಟ ಹತ್ತಿತು. ಈಚೆಗೆ ಸರ್ಕಾರದ ಉಚಿತ ಕರೆಂಟಿನಿಂದಾಗಿ ಕಟ್ಟುವ ಮೊತ್ತದ ಜಾಗದಲ್ಲಿ ಸೊನ್ನೆ ಇರುತ್ತದೆ, ಆದರೂ ಯೂನಿಟ್ ಇದ್ದೇ ಇರುತ್ತದಲ್ಲ? ಜಲಜಕ್ಕನದು ಸಾಧಾರಣ ಎಪ್ಪತ್ತು. ಒಂದು ಏಪ್ರಿಲ್‌ನಲ್ಲಿ ನೂರ ಇಪ್ಪತ್ತು ಬಂತು. ಯಾಕಿರಬಹುದು? ಕಾಪುವಿನಲ್ಲಿರುವ ಅವರ ತಂಗಿಯ ಮಗಳ ಮದುವೆ ಇರಬೇಕು, ಮನೆ ತುಂಬ ನೆಂಟರು ಬಂದಿರಬೇಕು ಎಂದು ತೀರ್ಮಾನಿಸಿ ಸಂತೋಷಪಟ್ಟೆ. ಇನ್ನೊಂದು ವರ್ಷ ಹತ್ತು ಯೂನಿಟ್ ಏರಿದ್ದು ಇಳಿಯಲೇ ಇಲ್ಲ. ಟಿವಿ ಕೊಂಡಿರಬೇಕು ಎಂದುಕೊಂಡೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಬರೀ ಹತ್ತೊಂಬತ್ತು ಬಂತು. ಓಹೋ, ಮಿಷನ್ನಿಗೆ ರಜೆ ಕೊಟ್ಟು ಕಾಪುವಿಗೆ ಹೋಗಿದ್ದಾರೆ, ತಂಗಿಯ ಕೈಯ ಮೀನು ಸಾರು ಉಂಡು ಸಮುದ್ರದ ಗಾಳಿಗೆ ಕೂತಿದ್ದಾರೆ ಎಂದು ಗಂಡನಿಗೆ ಬಣ್ಣಿಸಿ ಹೇಳಿದೆ. ಅವರು ಕಾಫಿ ಕುಡಿಯುತ್ತಾ, “ಇಷ್ಟೆಲ್ಲ ಯೋಚಿಸುವ ಬದಲು ಒಂದು ಫೋನ್ ಮಾಡಬಾರದಾ?” ಎಂದರು. ಮಾಡಬಹುದಿತ್ತು. ಆದರೆ ಫೋನ್ ಮಾಡಿದರೆ ಏಳು ವರ್ಷದಿಂದ ನಂಬರ್ ಬದಲಿಸದ ನನ್ನ ಸೋಮಾರಿತನ ಹೊರಬೀಳುತ್ತದೆ. ಅದಕ್ಕಿಂತ ಊಹಿಸುವುದು ಸುಖ.

ಎರಡು ಚೌಕದ ಆ ಹಾಳೆ ಬಂದ ಮೇಲೆ ಮನಸ್ಸು ಚುಚ್ಚತೊಡಗಿತು. ಇನ್ನೊಬ್ಬರ ಮನೆಯ ಬಿಲ್ಲನ್ನು ಇಟ್ಟುಕೊಂಡು ನನ್ನದಕ್ಕೆ ಹೇಗೆ ಗುರುತು ಹಾಕುವುದು? ಒಂದು ಭಾನುವಾರ ಕಾರ್ಕಳದ ಬಸ್ಸು ಹತ್ತಿದೆ, ಅಲ್ಲಿಳಿದು ನಿಟ್ಟೆಗೆ ಹೋದೆ.

ಜಲಜಕ್ಕ ತುಸು ತೆಳ್ಳಗಾಗಿದ್ದರು. ನನ್ನ ಮುಖ ನೋಡುವ ಮೊದಲು ಬ್ಲೌಸು ನೋಡಿದರು. “ಇದು ಯಾರು ಹೊಲಿದದ್ದು? ಭುಜ ಬಿದ್ದಿದೆಯಲ್ಲ ಟೀಚರೇ!” ಎಂದು ಬೈದು ಕೂರಿಸಿದರು. ನಾನು ಬಂದ ಕಾರಣ ಹೇಳಿ, ಹೇಗೂ ತಪ್ಪೊಪ್ಪಿಕೊಂಡಾಯಿತಲ್ಲ ಎಂದು ನನ್ನ ಊಹೆಗಳನ್ನೂ ಒಂದೊಂದಾಗಿ ಬಿಚ್ಚಿದೆ. ನೂರ ಇಪ್ಪತ್ತು ಯೂನಿಟ್ ಮದುವೆಯದಾ?

“ಮದುವೆ ಎಂತದ್ದು! ಹತ್ತಿರದ ಮನೆಯ ಬಾವಿ ಬತ್ತಿತ್ತು. ನಮ್ಮ ಪಂಪಿನಿಂದ ಅವರಿಗೆ ನೀರು ಬಿಟ್ಟದ್ದು.”

ಏರಿದ ಹತ್ತು ಯೂನಿಟ್ ಟಿವಿಯದಲ್ಲ, ಮಿಷನ್ನಿಗೆ ಹಾಕಿಸಿದ ಮೋಟರಿನದು. ಕಾಲು ನೋವು, ತುಳಿಯಲು ಆಗುವುದಿಲ್ಲವಂತೆ. ಎರಡೂ ತಪ್ಪಾದದ್ದಕ್ಕೆ ಇಬ್ಬರೂ ನಕ್ಕೆವು. ನಗುತ್ತಲೇ ಕೇಳಿದೆ, “ಹತ್ತೊಂಬತ್ತು ಬಂದಾಗಲಾದರೂ ಕಾಪುವಿಗೆ ಹೋಗಿದ್ದಿರಿ ಅಲ್ವಾ?”

“ಇಲ್ಲ, ಮಣಿಪಾಲದಲ್ಲಿ ಇದ್ದೆ. ಆಸ್ಪತ್ರೆಯಲ್ಲಿ. ಹೊಟ್ಟೆಯದು ಆಪರೇಷನ್. ಇಪ್ಪತ್ತೆರಡು ದಿವಸ ಮಲಗಿದ್ದೆ, ತಂಗಿ ಬಂದು ಕೂತಿದ್ದಳು.”

ಮಣಿಪಾಲದಲ್ಲಿ! ನಾನು ದಿನಾ ಬಸ್ಸಿಳಿದು ಕೆಲಸಕ್ಕೆ ನಡೆಯುವ ದಾರಿಯಲ್ಲೇ. ಅವರು ಅಲ್ಲಿ ಹಾಸಿಗೆ ಹಿಡಿದಿದ್ದಾಗ ನಾನು ಅವರಿಗೆ ಮೀನು ಸಾರು ಉಣಿಸುತ್ತಿದ್ದೆ. “ನನಗೆ ಒಂದು ಮಾತು ಹೇಳಬಾರದಿತ್ತಾ ಜಲಜಕ್ಕ?” ಎಂದೆ.

ಅವರು ದಾರವನ್ನು ಹಲ್ಲಿನಿಂದ ಕಡಿದು, ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು.

“ಗೊತ್ತಾಗಿರ್ತದೆ ಅಂತ ನಾನು. ನಿಮಗೆ ಬಿಲ್ ಬಂದಿತ್ತಲ್ಲ?”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ಅವರು ತಂಗಿಗೂ ಹೇಳಿದ್ದರಂತೆ, ಬಿಲ್ಲು ಕಡಿಮೆ ಬಂದದ್ದು ನೋಡಿ ಟೀಚರು ಬರುತ್ತಾರೆ ಎಂದು. ನನಗೆ ಅತ್ತುಬಿಡುವಷ್ಟು ಬೇಸರವಾಯಿತು. ಫೋನ್ ತೆಗೆದು, “ಈಗ ನಿಮ್ಮ ನಂಬರ್ ಹಾಕಿಬಿಡುತ್ತೇನೆ, ಹೇಳಿ” ಎಂದೆ. ಅವರ ಬಳಿ ಈಗ ದೊಡ್ಡ ಫೋನೇ ಇದೆ, ಮೇಜಿನ ಮೇಲೆಯೇ ಇತ್ತು.

“ಬೇಡ ಮಾರಾಯ್ರೆ. ನನಗೆ ಕಾಗದ ಬರ್ತದಲ್ಲ. ಫೋನಿಗೆ ಬಂದರೆ ಅದರ ಹಿಂದೆ ಅಳತೆ ಬರೀಲಿಕ್ಕೆ ಆಗ್ತದಾ? ಫೋನಿನದ್ದು ನಿಮಗೇ ಇರಲಿ.”

ಆಮೇಲೆ ಎದ್ದು ಬಿಸ್ಕೀಟಿನ ಒಂದು ಡಬ್ಬಿ ತೆರೆದು, ಕೆದಕಿ ಕೆದಕಿ ಒಂದು ಚೀಟಿ ಹೊರಗೆ ತೆಗೆದರು. ಅದು ನನ್ನ ಮದುವೆಯ ಬ್ಲೌಸಿನ ಅಳತೆ. ಮುಂಭಾಗದ ಬಿಲ್ಲು ಪೂರ್ತಿ ಮಾಸಿ ಬಿಳಿಯಾಗಿತ್ತು, ಹೆಸರಿಲ್ಲ, ಯೂನಿಟ್ ಇಲ್ಲ. ಹಿಂದೆ ನೀಲಿ ಪೆನ್ನಿನಲ್ಲಿ ಬರೆದ ನನ್ನ ಭುಜ, ನನ್ನ ತೋಳು ಹಾಗೇ ಇದ್ದವು. ಜಲಜಕ್ಕ ಕೊರಳಿನ ಟೇಪು ತೆಗೆದು ಹೊಸದಾಗಿ ಅಳೆದು, ಹಳೆಯದರ ಜತೆ ಹೋಲಿಸಿ, “ಕಡಿಯಾಳಿಯಲ್ಲಿ ಊಟ ಒಳ್ಳೇದುಂಟು ಅಂತ ಕಾಣ್ತದೆ” ಎಂದರು. ಹೊಸ ಅಳತೆಯನ್ನು ಆ ತಿಂಗಳ ಬಿಲ್ಲಿನ ಹಿಂದೆ ಬರೆದುಕೊಂಡರು.

ಮನೆಗೆ ಬಂದ ಮೇಲೆ ಫ್ರಿಜ್ಜಿನ ಮೇಲಿನ ಹಾಳೆ ತೆಗೆದು ‘ಕಾಗದದ ಬಿಲ್’ ಎಂಬುದಕ್ಕೆ ಗುರುತು ಹಾಕಿದೆ. ಇಂಟರ್‌ನೆಟ್‌ನವರ ಬಿಲ್ಲು ಅಗಲವಾಗಿರುತ್ತದೆ, ಆದರೆ ಉದ್ದಕ್ಕೆ ಕತ್ತರಿಸಿದರೆ ಎರಡು ಬ್ಲೌಸಿಗೆ ಆದೀತು. ಗಂಡ ಹಾಳೆಯನ್ನೂ ನನ್ನನ್ನೂ ನೋಡಿ ಲಕೋಟೆಗೆ ಅಂಟು ಹಚ್ಚಿಕೊಟ್ಟರು.

ಇವತ್ತು ಬೆಳಿಗ್ಗೆ ಫೋನ್ ಟಿಣ್ ಎಂದಿತು. ಜಲಜಕ್ಕನದು, ಐವತ್ತೆಂಟು ಯೂನಿಟ್. ಎಪ್ಪತ್ತಲ್ಲ, ಎಂಬತ್ತಲ್ಲ, ಐವತ್ತೆಂಟು. ಹಳೆಯ ಚಟ ತಲೆಯೆತ್ತಿತು. ಹಾಸ್ಟೆಲಿನ ಹುಡುಗಿಯರು ರಜೆಗೆ ಹೋದರೇ? ಮೋಟರು ಕೆಟ್ಟಿತೇ? ಅಷ್ಟಕ್ಕೇ ನಿಲ್ಲಿಸಿ, ಆ ಭಾನುವಾರ ಕೇಳಿಕೊಂಡು ಬಂದಿದ್ದ ಅವರ ಹೊಸ ನಂಬರ್ ಒತ್ತಿದೆ. ಆ ಕಡೆ ಮಿಷನ್ನಿನ ಸದ್ದು ಕೇಳಿಸುತ್ತಿತ್ತು, ಅದು ನಿಂತಿತು.

“ಬಂತಾ?” ಎಂದರು ಜಲಜಕ್ಕ.

“ಬಂತು. ಐವತ್ತೆಂಟು. ಎಂತ ಆಯ್ತು ಜಲಜಕ್ಕ?”

“ಎಂತ ಇಲ್ಲ ಮಾರಾಯ್ರೆ. ಮಳೆ ಬಂತಲ್ಲ, ಫ್ಯಾನ್ ಹಾಕಲಿಲ್ಲ.”