ಕೋಳಿಯಕ್ಕನ ಮನೆಗೆ ಬಂದ ಕಪ್ಪೆ

ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಇಪ್ಪತ್ತೆರಡು ವರ್ಷ ಕೋಳಿ ಕತ್ತರಿಸಿದವಳಿಗೆ ಜನ ಇಟ್ಟ ಹೆಸರು ಕೋಳಿಯಕ್ಕ. ಗಂಡ ಬಿಟ್ಟುಹೋದ ದಿನವೂ ಅವಳು ಅಂಗಡಿಗೆ ರಜೆ ಹಾಕಿರಲಿಲ್ಲ. ಎಡಗೈಯಲ್ಲಿ ಕತ್ತು ಹಿಡಿದು, ಹೆಬ್ಬೆರಳನ್ನು ಗಂಟಲ ಮೇಲೆ ಒತ್ತಿ, ಬಲಗೈಯಿಂದ ಒಂದೇ ಎಳೆತ. ಗಿರಾಕಿ ಚೀಲ ಬಿಡಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ರಕ್ತ ಕಂಡು ಮುಖ ತಿರುಗಿಸಿದವರಿಗೆ, "ತಿನ್ನೋವಾಗ ಮಾತ್ರ ತಟ್ಟೆಯಿಂದ ಕಣ್ಣೇ ಎತ್ತಲ್ಲ ನೀವು!" ಎಂದು ನಗುತ್ತಿದ್ದಳು.

ಅಂಥವಳಿಗೆ ವಾಂತಿ ತರಿಸಿದ್ದು ಮುಷ್ಟಿಗಾತ್ರದ ಒಂದು ಕಪ್ಪೆ.

ಕಪ್ಪೆ ಅವಳ ತಮ್ಮನದು. ಅವನು ಗುಜರಿ ಯಾರ್ಡಿನಲ್ಲಿ ಕಬ್ಬಿಣ ಕತ್ತರಿಸುವವನು. ಕೋಪ ಮೂಗಿನ ತುದಿಯಲ್ಲೇ ಇತ್ತು. ಒಂದು ದಿನ ಮೇಸ್ತ್ರಿ ಎಲ್ಲರೆದುರು ಕಳ್ಳ ಅಂದನೆಂದು ಸರಳು ಎತ್ತಿ ಅವನ ಮುಖಕ್ಕೆ ಬೀಸಿದ. ಮೇಸ್ತ್ರಿಯ ದವಡೆ ಮೂರು ಕಡೆ ಮುರಿಯಿತು. ತಮ್ಮನಿಗೆ ಎರಡು ವರ್ಷ ಜೈಲಾಯಿತು. ಅವನ ಬಾಡಿಗೆ ಕೋಣೆ ಖಾಲಿ ಮಾಡಿದಾಗ ಒಂದು ಗಾಜಿನ ಪೆಟ್ಟಿಗೆ ಅಕ್ಕನ ಮನೆಗೆ ಬಂತು. ಒಳಗೆ, ಒದ್ದೆ ಮಣ್ಣಿನಲ್ಲಿ ಅರ್ಧ ಹೂತುಕೊಂಡು, ಮೈಯೆಲ್ಲ ಬಾಯಿಯೇ ಆದಂತಿದ್ದ ಹಸಿರು ಪ್ರಾಣಿ.

ಜೈಲಿನ ಮೊದಲ ಭೇಟಿಯಲ್ಲೇ ತಮ್ಮ ಪಾಠ ಶುರು ಮಾಡಿದ. "ಅಕ್ಕಾ, ಸತ್ತಿದ್ದು ಹಾಕಿದ್ರೆ ಅದು ಮುಟ್ಟಲ್ಲ. ಸಾಕುಪ್ರಾಣಿ ಅಂಗಡೀಲಿ ಜೀರುಂಡೆ ಡಬ್ಬಿ ಸಿಗುತ್ತೆ, ಜೀವ ಇರೋವು. ಹಿಂಗಾಲು ಮುರಿದು ಹಾಕು, ಇಲ್ಲಾಂದ್ರೆ ನೆಗೆದುಬಿಡ್ತವೆ. ಐದಾರು ಸಾಕು. ಮಿಕ್ಕಿದ್ದನ್ನ ಒಳಗೆ ಬಿಡಲೇಬೇಡ. ಹಸಿದ್ರೆ ಅವೇ ಕಪ್ಪೇನ ಕಚ್ಚಿ ತಿಂತವೆ."

"ನಾನು ಹೇಗಿದ್ದೀನಿ ಅಂತ ಕೇಳಲ್ವೇನೋ?"

"ನಿನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀಯ."

ಅಂದು ಸಂಜೆ ಅವಳು ಚೂಪು ತುದಿಯ ಉದ್ದನೆಯ ಚಿಮಟದಲ್ಲಿ ಕಂದು ಬಣ್ಣದ ಜೀರುಂಡೆಯೊಂದನ್ನು ಹಿಡಿದು, ಉಗುರಿನಿಂದ ಅದರ ಕಾಲು ಮುರಿದಳು. ಟಿಕ್ ಎಂದಿತು. ಪೆಟ್ಟಿಗೆಯೊಳಗೆ ಬಿಟ್ಟಳು. ಕಪ್ಪೆ ಕಲ್ಲಿನಂತೆ ಕೂತಿತ್ತು. ಜೀರುಂಡೆ ಕುಂಟುತ್ತ ಎರಡು ಹೆಜ್ಜೆ ಇಟ್ಟಿತೋ ಇಲ್ಲವೋ, ಅದರ ಅರ್ಧ ದೇಹ ಕಪ್ಪೆಯ ಬಾಯೊಳಗಿತ್ತು. ಉಳಿದರ್ಧ ಹೊರಗೆ ಒದ್ದಾಡುತ್ತಿತ್ತು. ಕಪ್ಪೆ ಮುಂಗಾಲುಗಳಿಂದ ಅದನ್ನು ಒಳಗೆ ತುರುಕಿತು; ನುಂಗುವಾಗ ಅದರ ಎರಡು ಕಣ್ಣುಗಳೂ ತಲೆಯೊಳಗೆ ಮುಳುಗಿ ಮತ್ತೆ ಮೇಲೆ ಬಂದವು. ಕೋಳಿಯಕ್ಕ ಬಚ್ಚಲಿಗೆ ಓಡಿದಳು.

ನುಂಗಿದ್ದಕ್ಕಲ್ಲ, ಆ ಟಿಕ್ ಅನ್ನುವ ಸದ್ದಿಗೆ. ತಮ್ಮ ಏಳು ವರ್ಷದವನಿದ್ದಾಗ ಅಪ್ಪ ಅವನ ಕಿರುಬೆರಳನ್ನು ಹಿಂದಕ್ಕೆ ಮಡಚಿ ಮುರಿದಿದ್ದ. ಬೀಡಿ ಕದ್ದನೆಂಬ ಅನುಮಾನಕ್ಕೆ. ಹದಿನೈದರ ಅಕ್ಕ ಪಕ್ಕದಲ್ಲೇ ಪಾತ್ರೆ ಉಜ್ಜುತ್ತಿದ್ದಳು, ಮತ್ತು ಉಜ್ಜುತ್ತಲೇ ಇದ್ದಳು. ಬೀಡಿ ಸೇದಿದವಳು ಅವಳೇ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಮೇಲೆ ತಮ್ಮ ಯಾರನ್ನು ಹೊಡೆದು ಬಂದರೂ ಅವಳು ಬಾಗಿಲು ತೆಗೆದು, ಅನ್ನ ಹಾಕಿ, ಹೊಡೆಸಿಕೊಂಡವನಿಗೇ ಬೈಯುತ್ತಿದ್ದಳು.

ಮರುದಿನದಿಂದ ಕಾಲು ಮುರಿಯುವುದನ್ನು ಬಿಟ್ಟಳು. ನೆಗೆದದ್ದು ನೆಗೆಯಲಿ.

ಹನ್ನೊಂದು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ಆರರ ಹೊತ್ತಿಗೆ ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು, ಜೀರುಂಡೆ ಡಬ್ಬಿಯನ್ನು ಅಂಚಿನ ಮೇಲಿಟ್ಟು, ಚಿಮಟ ಹಿಡಿದು ನಿಂತಿದ್ದಾಗ ಬಾಗಿಲು ದಬ್ಬಿಕೊಂಡು ಒಬ್ಬ ಒಳಬಂದ. ಕೈಯಲ್ಲಿ ಸರಳು. ಮುಖದ ಕೆಳಭಾಗ ಒಂದು ಕಡೆಗೆ ಜಾರಿದಂತಿತ್ತು.

"ಯಾರು ಗೊತ್ತಾಯ್ತಾ?" ಎಂದ. ಮಾತು ಹಲ್ಲುಗಳ ನಡುವೆ ಹಿಸುಕಿಕೊಂಡು ಬಂತು. ಮೇಸ್ತ್ರಿ.

"ಅವನು ಇಲ್ಲಿಲ್ಲ. ಜೈಲಲ್ಲಿದ್ದಾನೆ."

"ಗೊತ್ತು. ಅವನಿಗೆ ನೋವಾಗೋ ಜಾಗ ಹೊರಗೆ ಒಂದೇ ಇರೋದು. ಅದು ನೀನು."

ಸರಳು ಬೀಸಿದ. ಅವಳು ಅಡ್ಡ ಹಿಡಿದ ಬಲಗೈ ಮೊಣಕೈ ಕೆಳಗೆ ಲಟಕ್ಕನೆ ಮುರಿಯಿತು. ಡಬ್ಬಿ ಮಗುಚಿ ಜೀರುಂಡೆಗಳೆಲ್ಲ ಕಪ್ಪೆಯ ಪೆಟ್ಟಿಗೆಯೊಳಗೆ ಸುರಿದವು. ಅವಳ ಬೆನ್ನು ತಗುಲಿ ಮುಚ್ಚಳ ಅದರ ಮೇಲೆ ಬಿತ್ತು. ಎರಡನೆಯ ಏಟು ಭುಜಕ್ಕೆ. ಮೂರನೆಯದಕ್ಕೆ ಅವನು ಕೈಯೆತ್ತಿದಾಗ ಅವಳು ಎಡಗೈಯಲ್ಲಿದ್ದ ಚಿಮಟವನ್ನು ಅವನ ತೊಡೆಗೆ ಬುಡದವರೆಗೂ ಇರಿದಳು. ಅವನು ಕುಸಿದ. ಅವಳು ಅವನ ಎದೆಯ ಮೇಲೆ ಮೊಣಕಾಲೂರಿ, ದಿನಕ್ಕೆ ಇನ್ನೂರು ಸಲ ಹಿಡಿಯುವಂತೆಯೇ ಕತ್ತು ಹಿಡಿದಳು. ಹೆಬ್ಬೆರಳು ತಾನಾಗಿ ದವಡೆಯಡಿಗೆ ಹೋಯಿತು, ಒತ್ತಿತು.

ಚರ್ಮದ ಕೆಳಗೆ ಏನೋ ಗಟ್ಟಿಯಾದದ್ದು ಅಲುಗಿತು. ಮುರಿದ ದವಡೆಗೆ ಡಾಕ್ಟರು ಕೂರಿಸಿದ್ದ ತಗಡು, ಸ್ಕ್ರೂ. ಮೇಸ್ತ್ರಿ ಕಿರುಚಲು ಹೋದ. ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯಲಿಲ್ಲ. ಆ ಸಂದಿನಿಂದಲೇ ಕಿರುಚಿದ.

ಅವಳು ಕೈ ಬಿಟ್ಟಳು.

ಅವನ ಎದೆಯ ಮೇಲಿಂದ ಕೆಳಗಿಳಿದಳು. "ಹೋಗು" ಎಂದಳು. ಅವನು ಗೋಡೆ ಹಿಡಿದುಕೊಂಡು, ರಕ್ತದ ಹೆಜ್ಜೆ ಇಡುತ್ತ ಹೋದ.

ಆಸ್ಪತ್ರೆಯಲ್ಲಿ ಅವಳು ಅಂಗಡಿಯ ಒದ್ದೆ ನೆಲದಲ್ಲಿ ಜಾರಿಬಿದ್ದೆ ಎಂದಳು. ನಿಜ ಹೇಳಿದರೆ ಚಿಮಟದ ಮಾತೂ ಬರುತ್ತಿತ್ತು. ಡಾಕ್ಟರು ನಂಬಲಿಲ್ಲ, ಆದರೂ ಬರೆದುಕೊಂಡರು. ಮೂರು ದಿನ ಅಲ್ಲೇ ಉಳಿಯಬೇಕಾಯಿತು.

ಮನೆಗೆ ಬಂದಾಗ ಜೀರ್ ಜೀರ್ ಸದ್ದು ಮೆಟ್ಟಿಲಿಗೇ ಕೇಳುತ್ತಿತ್ತು. ಕಪ್ಪೆ ಮೂಲೆಯಲ್ಲಿ ಮುದುಡಿತ್ತು. ಒಂದು ಕಣ್ಣಿನ ರೆಪ್ಪೆ ಇರಲಿಲ್ಲ. ಹಿಂಗಾಲಿನ ಬೆರಳುಗಳ ತುದಿಯಲ್ಲಿ ಎಲುಬು ಬೆಳ್ಳಗೆ ಕಾಣುತ್ತಿತ್ತು. ಬೆನ್ನ ಮೇಲೆ ನಾಲ್ಕೈದು ಜೀರುಂಡೆಗಳು ಕೂತು ನಿಧಾನವಾಗಿ, ಯಾರ ಹೆದರಿಕೆಯೂ ಇಲ್ಲದೆ ಮೇಯುತ್ತಿದ್ದವು. ಅವಳು ಎಡಗೈಯನ್ನು ಒಳಗೆ ಹಾಕಿ ಒಂದೊಂದನ್ನೇ ಹಿಡಿದು ಹಿಸುಕಿದಳು. ನಲವತ್ತೋ ಐವತ್ತೋ. ಬೆರಳ ಸಂದಿಯಲ್ಲೆಲ್ಲ ಕಂದು ಲೋಳೆ. ಕಡೆಯದನ್ನು ಹಿಸುಕಿದ ಮೇಲೂ ಕೈ ಮಣ್ಣನ್ನು ಹಿಸುಕುತ್ತಲೇ ಇತ್ತು. ಆಗ ಅವಳಿಗೆ ಅಳು ಬಂತು.

ಭೇಟಿಯ ದಿನ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಹೋದಳು. ಎಲ್ಲ ಹೇಳಿದಳು.

ತಮ್ಮ ಮೇಜು ಗುದ್ದಿದ. "ಕಪ್ಪೆ ಬದುಕಿದೆಯಾ? ಹೊರಗೆ ಬರಲಿ ತಾಳು, ಆ ನನ್ಮಗನ್ನ ಸಿಗಿದು ಹಾಕ್ತೀನಿ."

ಅವಳು ಎದ್ದು ನಿಂತು, ಎಡಗೈ ಬೀಸಿ ಅವನ ಕೆನ್ನೆಗೆ ಬಾರಿಸಿದಳು. ಕಾವಲುಗಾರ ಓಡಿಬರುವಷ್ಟರಲ್ಲಿ ಇನ್ನೊಂದು.

"ಬೀಡಿ ಸೇದಿದ್ದು ನಾನು ಕಣೋ!" ಎಂದು ಕೂಗಿದಳು. "ನಿನ್ನ ಬೆರಳು ಮುರಿಸಿದವಳು ನಾನು. ಮೇಸ್ತ್ರಿ ಅಲ್ಲ. ಹೊಡೀಬೇಕಿದ್ರೆ ನನ್ನ ಹೊಡಿ!"

ತಮ್ಮ ಕೆನ್ನೆ ಹಿಡಿದುಕೊಂಡು ಅವಳನ್ನೇ ನೋಡಿದ. ಮುಷ್ಟಿ ಬಿಗಿದಿತ್ತು. ಕಾವಲುಗಾರರು ಅವಳನ್ನು ಎಳೆದುಕೊಂಡು ಹೋದರು. ಮುಂದೆ ಅವಳಿಗೆ ಭೇಟಿ ಸಿಗಲಿಲ್ಲ.

ಬಿಡುಗಡೆಯಾದ ದಿನ ಅವನು ಬಂದು ಬಾಗಿಲು ತಟ್ಟಿದ. ಅವಳು ಒಂಟಿರೆಪ್ಪೆಯ ಕಪ್ಪೆಯನ್ನು ಪೆಟ್ಟಿಗೆಯ ಸಮೇತ ಹೊಸಿಲ ಹೊರಗಿಟ್ಟಳು. "ಮೊದಲು ಆ ಮೇಸ್ತ್ರಿ ಮನೆಗೆ ಹೋಗಿ ಬಾ. ಕೈಯಲ್ಲಿ ಏನೂ ಹಿಡ್ಕೊಂಡು ಹೋಗ್ಬೇಡ. ಆಮೇಲೆ ಒಳಗೆ ಬರೋ ಮಾತು."

"ನನ್ನ ಆಚೆ ಹಾಕ್ತೀಯಾ ಅಕ್ಕಾ?"

"ಹೂಂ."

ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದು ಪೆಟ್ಟಿಗೆ ಎತ್ತಿಕೊಂಡು ಹೋದ. ನಾಲ್ಕು ತಿಂಗಳು ಸುದ್ದಿಯಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕುಂಟುತ್ತ ಮೇಸ್ತ್ರಿ ಬಂದು ನಿಂತ. ಅವಳ ಕೈ ಕತ್ತಿಯ ಹಿಡಿಯ ಮೇಲೆ ಹೋಯಿತು.

"ನಿನ್ನ ತಮ್ಮ ಬಂದಿದ್ದ" ಎಂದ ಅವನು. "ಬಾಗಿಲಲ್ಲಿ ನಿಂತು ತಪ್ಪಾಯ್ತು ಅಂದ. ನಾನು ಹೊಡೆದೆ. ಮುಖಕ್ಕೇ. ಬಿದ್ದ, ಎದ್ದು ಮತ್ತೆ ನಿಂತ. ಇನ್ನೂ ನಾಲ್ಕು ಹೊಡೆದೆ."

"ಅವನು?"

"ಕೈ ಎತ್ತಲಿಲ್ಲ. ಕೈ ಎರಡೂ ಹಿಂದೆ ಕಟ್ಕೊಂಡು ನಿಂತಿದ್ದ. ಆಮೇಲೆ ನನಗೇ ಸಾಕಾಯ್ತು. ಈಗ ನಮ್ಮ ಬೀದಿ ಆಸ್ಪತ್ರೇಲಿ ಹೊಲಿಗೆ ಹಾಕಿಸ್ಕೊಳ್ತಿದ್ದಾನೆ. ಹೇಳೋಣ ಅಂತ ಬಂದೆ."

ಕೋಳಿಯಕ್ಕ ಕತ್ತಿ ಕೆಳಗಿಟ್ಟಳು. ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಕಾಯುತ್ತಿದ್ದ ಗಿರಾಕಿಗಳಿಗೆ "ಇವತ್ತು ಅಂಗಡಿ ಇಲ್ಲ" ಎಂದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಆಸ್ಪತ್ರೆ ಯಾವ ಕಡೆ, ತೋರಿಸು ನಡಿ" ಎಂದಳು.