ಕಡ್ಡಿ, ಡುಮ್ಮ ಮತ್ತು ಶಾಲೆಯ ಬ್ಯಾಂಡು

ಅವನಿಗೆ ಕಡ್ಡಿ ಎಂಬ ಹೆಸರಿದೆ ಎಂದರೆ ಹೊಸಬರು ನಂಬುವುದಿಲ್ಲ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತದೆ. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗಿದ ತಗಡನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದು ಅವನ ಕಸುಬು. ತಗಡಿನ ಮೇಲೆ ಅಂಗೈ ಸವರಿಯೇ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಹೇಳಿಬಿಡುತ್ತಾನೆ. ಆದರೆ ಶಾಲೆಯಲ್ಲಿದ್ದಾಗ ಅವನು ನಿಜಕ್ಕೂ ಕಡ್ಡಿಯೇ. ಬ್ಯಾಂಡಿನ ಸಣ್ಣ ಡ್ರಮ್ಮನ್ನು ಕೊರಳಿಗೆ ಹಾಕಿಕೊಂಡು ನಿಂತರೆ ಡ್ರಮ್ಮಿಗೇ ಕೈಕಾಲು ಬಂದಂತೆ ಕಾಣುತ್ತಿದ್ದ.

ಪಕ್ಕದಲ್ಲಿ ದೊಡ್ಡ ಡ್ರಮ್ಮಿನ ಡುಮ್ಮ. ಅವನ ಕಥೆ ಇದಕ್ಕೆ ತಿರುವುಮುರುವು. ಈಗ ಬೇಕರಿ ಇಟ್ಟಿದ್ದಾನೆ, ವರ್ಷಗಟ್ಟಲೆ ಒಲೆಯ ಮುಂದೆ ನಿಂತು ಕರಗಿ ಕತ್ತಿನ ಮೂಳೆ ಎದ್ದಿದೆ. ಆದರೂ ಇವನು ಕಡ್ಡಿ, ಅವನು ಡುಮ್ಮ. ಒಮ್ಮೆ ಅಂಟಿದ ಹೆಸರನ್ನು ಕೀಳುವವರು ಯಾರು?

ಲೆಕ್ಕದ ಮೇಷ್ಟ್ರಿಗೆ ಕಡ್ಡಿ ಪೆದ್ದ, ಆಟದ ಮೇಷ್ಟ್ರಿಗೆ ಪುಕ್ಕಲ. ಬ್ಯಾಂಡಿನಲ್ಲಿ ಮಾತ್ರ ಅವನೇ ರಾಜ. ಶಾಲೆ ಬಿಟ್ಟ ಮೇಲೆ ಮೂಲೆಯ ಕೋಣೆಯಲ್ಲಿ ಅಭ್ಯಾಸ. ಧೂಳು ಹಿಡಿದ ಕಿಟಕಿ ಗಾಜುಗಳೂ ಜೊತೆಗೆ ಗಡಗಡ ಎನ್ನುತ್ತಿದ್ದವು. "ತಾಳ ಅಂದ್ರೇನು ಅಂತ ಗೊತ್ತಾಗ್ಬೇಕಾದ್ರೆ ಕಡ್ಡಿ ಕೈ ನೋಡ್ರೋ" ಎಂದು ಬ್ಯಾಂಡ್ ಮೇಷ್ಟ್ರು ಒಂದು ಸಲ ಅಂದಿದ್ದರು. ಪುಣ್ಯಾತ್ಮರು ಅಂದು ಮರೆತರು, ಇವನು ಮರೆಯಲಿಲ್ಲ. ಜೀವನದಲ್ಲಿ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ. ಸಿಕ್ಕ ಗೆಳೆಯನೂ ಡುಮ್ಮನೊಬ್ಬನೇ.

ಈ ವರ್ಷ ಶಾಲೆಗೆ ದೊಡ್ಡ ವಾರ್ಷಿಕೋತ್ಸವ. ಹಳೆಯ ಬ್ಯಾಂಡಿನವರೆಲ್ಲ ಸೇರಿ ಊರಿನ ಬೀದಿಗಳಲ್ಲಿ ಬಾರಿಸಿಕೊಂಡು ಹೋಗಬೇಕು ಎಂದು ನರ್ಸಕ್ಕ ಪಟ್ಟು ಹಿಡಿದಳು. ಅವಳು ಇವರಿಗಿಂತ ಒಂದು ತರಗತಿ ಮುಂದೆ, ಕೊಳಲಿನವಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಗದರಿಸಿ ಗದರಿಸಿ ಪಳಗಿದ ಹೆಂಗಸು. ಅವಳ ಮಾತು ಮೀರುವವರಿಲ್ಲ. ಭಾನುವಾರ ಸಂಜೆ ಶಾಲೆಯ ಅಂಗಳದಲ್ಲಿ ಬೋಳುತಲೆ, ನರೆತಲೆಗಳೆಲ್ಲ ಸಾಲಾಗಿ ನಿಂತವು.

ಇಲ್ಲಿ ಒಂದು ಮಾತು ಹೇಳಬೇಕು. ಇಷ್ಟು ವರ್ಷ ತಗಡು ಬಡಿದವನ ಕಿವಿ ಸುಮ್ಮನೆ ಇರುತ್ತದೆಯೇ? ಕಡ್ಡಿಗೆ ಕಿವಿ ಮಂದವಾಗಿತ್ತು. ಹೆಂಡತಿ "ಒಂದ್ಸಲ ಹೇಳಿದ್ರೆ ಕೇಳ್ಸಲ್ವಾ?" ಎಂದರೆ, "ಕೇಳ್ಸುತ್ತೆ, ಉತ್ತರ ಕೊಡೋಕೆ ಮನಸ್ಸಿಲ್ಲ" ಎನ್ನುತ್ತಿದ್ದ. ಕಿವುಡ ಎನಿಸಿಕೊಳ್ಳುವುದಕ್ಕಿಂತ ಮೊಂಡ ಎನಿಸಿಕೊಳ್ಳುವುದು ಅವನಿಗೆ ವಾಸಿ. ತನಗೂ ತಾನು ಹಾಗೆಯೇ ಹೇಳಿಕೊಂಡಿದ್ದ.

ಅಭ್ಯಾಸದಲ್ಲಿ ಏನೋ ಎಡವಟ್ಟಾಗುತ್ತಿತ್ತು. ಸಾಲು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕೊಳಲುಗಳು ಒಂದು ಕಡೆ, ಡ್ರಮ್ಮುಗಳು ಒಂದು ಕಡೆ. ಎರಡನೆಯ ಭಾನುವಾರವೂ ಹಾಗೇ ಆದಾಗ ನರ್ಸಕ್ಕ ಕೈಯೆತ್ತಿ ನಿಲ್ಲಿಸಿ, "ತಾಳ ಎಲ್ಲೋ ಹಿಂದೆ ಬೀಳ್ತಿದೆ" ಎಂದಳು. ಎಲ್ಲರೂ ತಮ್ಮ ತಮ್ಮ ವಾದ್ಯ ಸರಿಮಾಡಿಕೊಳ್ಳತೊಡಗಿದರು.

ಕಡ್ಡಿಗೆ ತನ್ನ ಮೇಲೆ ಅನುಮಾನ ಬರಲು ಸಾಧ್ಯವೇ ಇರಲಿಲ್ಲ. ಅವನು ಬೇರೊಂದನ್ನು ಗಮನಿಸಿದ್ದ. ಡುಮ್ಮ ಕಣ್ಣು ಕೀಳದೆ ಇವನ ಕೈಯನ್ನೇ ನೋಡಿಕೊಂಡು ಬಾರಿಸುತ್ತಿದ್ದ.

"ತಪ್ತಿರೋದು ಇವನು" ಎಂದ ಕಡ್ಡಿ. "ಸುಮ್ನೆ ನನ್ನ ಕೈ ನೋಡ್ಕೊಂಡು ಬಡೀತಾನೆ. ಪರೀಕ್ಷೇಲೂ ಹಾಗೇ ಅಲ್ವೇನೋ? ನೀನು ನನ್ನ ಪಕ್ಕ ಕೂತು ಕಾಪಿ ಹೊಡೆದು ಸಿಕ್ಕಿಬಿದ್ದೆ. ಆ ಬುದ್ಧಿ ಇನ್ನೂ ಬಿಟ್ಟಿಲ್ವಲ್ಲೋ!"

ಒಬ್ಬಿಬ್ಬರು ನಕ್ಕರು, ನಕ್ಕು ತಲೆ ತಗ್ಗಿಸಿದರು. ಡುಮ್ಮನ ಮಗಳೂ ಅಳಿಯನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಡುಮ್ಮ ಬೆಲ್ಟು ಬಿಚ್ಚಿ, ಡ್ರಮ್ಮನ್ನು ಮೆಲ್ಲಗೆ ನೆಲಕ್ಕಿಟ್ಟ. "ಹೌದು ಅಕ್ಕ, ನನಗೆ ಆಗ್ತಿಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಮುಂದಿನ ವಾರ ದೊಡ್ಡ ಡ್ರಮ್ಮಿಗೆ ಶಾಲೆಯ ಹೊಸ ಮೇಡಂ ಬಂದರು. ಆಗಲೂ ತಾಳ ಕೂಡಲಿಲ್ಲ. ಕಡ್ಡಿ ಮನೆಗೆ ಬಂದು, "ಈಗಿನವರಿಗೆ ಶ್ರದ್ಧೆ ಇಲ್ಲ" ಎಂದು ಕೂಗಾಡಿದ. ಹೋದ ವಾರವೂ ಈ ವಾರವೂ ಅಭ್ಯಾಸವನ್ನು ಮೊಬೈಲಿನಲ್ಲಿ ಹಿಡಿದಿದ್ದ ಅವನ ಮಗಳು ಊಟದ ತಟ್ಟೆ ಸರಿಸಿ ಮೊಬೈಲನ್ನು ಅವನ ಮುಂದಿಟ್ಟಳು.

"ಅಪ್ಪ, ಕೇಳೋದು ಬೇಡ. ಬರೀ ಕಾಲು ನೋಡು."

ನೋಡಿದ. ಎಲ್ಲರ ಎಡಗಾಲೂ ಒಟ್ಟಿಗೆ ನೆಲ ಮುಟ್ಟುತ್ತಿತ್ತು. ಮೇಡಂ ಕೈ ಆ ಕಾಲಿಗೆ ಸರಿಯಾಗಿ ಬೀಳುತ್ತಿತ್ತು. ಇವನ ಕೋಲು ಮಾತ್ರ ಕಾಲು ಊರಿ ಆದಮೇಲೆ ಬೀಳುತ್ತಿತ್ತು. ಮತ್ತೆ ಹಾಕಿಸಿ ನೋಡಿದ, ಹಾಗೆಯೇ ಇತ್ತು. ಮಗಳು ಹಿಂದಿನ ವಾರದ್ದನ್ನು ಹಾಕಿದಳು. ಅದರಲ್ಲಿ ಡುಮ್ಮನ ಕೈ ಮೇಲೆತ್ತಿದಲ್ಲೇ ಒಂದು ಕ್ಷಣ ನಿಲ್ಲುತ್ತಿತ್ತು. ಕಣ್ಣು ಇವನ ಕೋಲಿನ ಮೇಲೆ. ಕೋಲು ಬಿದ್ದಾಗಲೇ ಅವನೂ ಬಾರಿಸುತ್ತಿದ್ದ. ತಡವಾಗಿ, ಬೇಕೆಂದೇ ತಡವಾಗಿ, ಇವನೊಬ್ಬನೇ ತಪ್ಪಿದಂತೆ ಕಾಣಬಾರದೆಂದು.

ಕಡ್ಡಿಗೆ ನಾಚಿಕೆ ಕಿವಿಯ ಬುಡದಿಂದ ಹತ್ತಿ ಮುಖವೆಲ್ಲ ಸುಟ್ಟಿತು. ಮಗಳ ಮುಖ ನೋಡಲಾಗದೆ ಎದ್ದು ಹೋಗಿ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದ.

ನಾಲ್ಕು ಜನರ ಎದುರಿಗೆ ಅಂದದ್ದನ್ನು ನಾಲ್ಕು ಜನರ ಎದುರಿಗೇ ವಾಪಸು ತೆಗೆದುಕೊಳ್ಳಬೇಕು, ಡುಮ್ಮನನ್ನು ಡ್ರಮ್ಮಿನ ಹಿಂದೆ ಮತ್ತೆ ನಿಲ್ಲಿಸಬೇಕು ಎಂದುಕೊಂಡು ಕೊನೆಯ ಅಭ್ಯಾಸಕ್ಕೆ ಹೋದ. "ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ. ತಪ್ಪು ನಂದು, ಡುಮ್ಮಂದಲ್ಲ" ಎಂದ. ಜನ ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದ. ಯಾರೂ ಬೆಚ್ಚಲಿಲ್ಲ. ಒಬ್ಬರು ಷೂ ನೋಡಿಕೊಂಡರು, ಇನ್ನೊಬ್ಬರು ಕೊಳಲು ಒರೆಸಿದರು.

ನರ್ಸಕ್ಕ ಹತ್ತಿರ ಬಂದು, "ನಮಗೆ ಮೊದಲ ದಿನವೇ ಗೊತ್ತಾಯ್ತು ಕಣೋ" ಎಂದಳು. "ಡುಮ್ಮನೇ ಬೇಡ ಅಂದ. 'ಅವನಿಗಿರೋದು ಆ ತಾಳ ಒಂದೇ, ಹೇಳ್ಬೇಡಿ, ನಾನು ಸಂಭಾಳಿಸ್ತೀನಿ' ಅಂದ."

ಎಲ್ಲರಿಗೂ ಗೊತ್ತಿತ್ತು. ಅಂದರೆ, ಇವನು ಕಾಪಿ ಎಂದು ಹಂಗಿಸಿದಾಗ ಸತ್ಯ ತಿಳಿಯದೆ ನಿಂತಿದ್ದವನು ಇವನೊಬ್ಬನೇ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೋಲುಗಳನ್ನು ಅವಳ ಕೈಗಿಟ್ಟು ಬಂದುಬಿಟ್ಟ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಬೇಕರಿಗೆ ಹೋದ. ಡುಮ್ಮ ಬ್ರೆಡ್ಡಿನ ಟ್ರೇ ಇಳಿಸುತ್ತಿದ್ದ. ಇವನನ್ನು ಕಂಡು ಎದುರಿಗೆ ಬಂದು ನಿಂತು, ತುಟಿ ಕಾಣುವ ಹಾಗೆ, ಸ್ವಲ್ಪ ಜೋರಾಗಿ, "ಬಾ, ಕೂತ್ಕೋ" ಎಂದ. ಡುಮ್ಮ ತನ್ನೊಡನೆ ಯಾವಾಗಲೂ ಹೀಗೆಯೇ ಮಾತಾಡುತ್ತಿದ್ದ ಎಂಬುದು ಕಡ್ಡಿಗೆ ಆಗ ಹೊಳೆಯಿತು.

"ತಪ್ಪಾಯ್ತು ಕಣೋ. ಎಲ್ಲರ ಮುಂದೆ ಹೇಳಿ ಬಂದಿದೀನಿ. ಬಾ, ನಿನ್ನ ಡ್ರಮ್ಮು ಕಾಯ್ತಿದೆ. ನಾನು ಬಾರ್ಸಲ್ಲ, ನೀನು ಬಾರ್ಸು."

ಡುಮ್ಮ ಕೈಯ ಹಿಟ್ಟು ಒರೆಸಿಕೊಂಡ. "ಬರಲ್ಲ. ಕೋಪ ಏನಿಲ್ಲ. ನನ್ನ ಮಗಳ ಮುಂದೆ ನೀನು ಹಾಗಂದೆಯಲ್ಲ, ಆ ಅಂಗಳಕ್ಕೆ ನನಗೆ ಕಾಲು ಹೋಗ್ತಿಲ್ಲ ಅಷ್ಟೆ. ನೀನಿಲ್ದೆ ನನಗೂ ಅಲ್ಲೇನು ಕೆಲ್ಸ? ಟೀ ಕುಡೀತೀಯಾ?"

ಕಡ್ಡಿ ಟೀ ಲೋಟ ಹಿಡಿದು ಕೂತ. ಬೀದಿಯ ಜನ ಒಂದೇ ಕಡೆ ಕತ್ತು ತಿರುಗಿಸಿದರು. ಬ್ಯಾಂಡು ಬರುತ್ತಿತ್ತು. ಕಡ್ಡಿಗೆ ಏನೂ ಕೇಳಲಿಲ್ಲ. ಡುಮ್ಮನಿಗೆ ಅದು ತಿಳಿಯಿತು. ಗಾಜಿನ ಕೌಂಟರಿನ ಮೇಲೆ ಬೆರಳಿಟ್ಟು ತಾಳ ಹಾಕತೊಡಗಿದ, ಇವನಿಗೆ ಕಾಣಲಿ ಎಂದು.

ಸಾಲು ಬಾಗಿಲ ಮುಂದೆ ಬಂತು. ಮೇಡಂ ಕೈ, ಎಲ್ಲರ ಎಡಗಾಲು, ಡುಮ್ಮನ ಬೆರಳು ಮೂರೂ ಒಟ್ಟಿಗೆ ಬೀಳುತ್ತಿದ್ದವು. ಕಡ್ಡಿಗೆ ತಡೆಯಲಾಗಲಿಲ್ಲ. ಅವನೂ ಬೆರಳಿಟ್ಟ, ಬಾರಿಸಿದ. ಎರಡು ಏಟು ಆಗುವಷ್ಟರಲ್ಲಿ ಡುಮ್ಮನ ಬೆರಳು ಮೇಲೆ ನಿಂತಿತು. ಬೀದಿಯ ಬ್ಯಾಂಡನ್ನು ಬಿಟ್ಟು ಅದು ಇವನಿಗಾಗಿ ಕಾಯುತ್ತಿತ್ತು.

ಕಡ್ಡಿ ತನ್ನ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ. "ನೀನು ಬಾರ್ಸು" ಎಂದ.