ಒಂದೇ ಒಂದು ಪತ್ರೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಂತೆ. ಹೋಗಲಿ, ಯಾರು ಬೇಡವೆಂದರು? ಚಳಿಯ ಜೊತೆಗೆ ತನ್ನ ಬಿಲ್ವದ ಗಿಡವೂ ಹೋಗುತ್ತದಲ್ಲ ಎಂಬುದೇ ತುರುವೇಕೆರೆ ಪಾರ್ಕಿನ ಮಾಲಿ ಸಣ್ಣತಿಮ್ಮಯ್ಯನ ಸಂಕಟ.

ಎಪ್ಪತ್ತೆಂಟನೆಯ ಇಸವಿಯ ಮಾತು. ನಮ್ಮ ಸೀಮೆಯ ಬುದ್ಧಿ ನೋಡಿ: ಗುಂಡಿ ತೆಗೆದರೆ ಅದರೊಳಗೆ ತೆಂಗಿನ ಸಸಿಯೇ ಇಳಿಯಬೇಕು. ಕೊಬ್ಬರಿಯಾಗದ ಮರಕ್ಕೆ ಯಾರೂ ಗೇಣು ಜಾಗ ಬಿಡುವುದಿಲ್ಲ. ಪೂಜೆಗೆ ಮಾತ್ರ ಎಲ್ಲರಿಗೂ ಬಿಲ್ವಪತ್ರೆ ಬೇಕು. ಹೀಗಾಗಿ ಊರೆಲ್ಲ ಪಾರ್ಕಿಗೇ ನುಗ್ಗುತ್ತಿತ್ತು. ಸಣ್ಣತಿಮ್ಮಯ್ಯ ಮೊದಲು ನೆಟ್ಟ ಎರಡು ಗಿಡಗಳು ಶಿವರಾತ್ರಿಗೆ ಬೋಳಾಗಿ, ಬೇಸಿಗೆಯಲ್ಲಿ ಒಣಗಿ ಸೌದೆಯಾಗಿದ್ದವು. ಇದು ಮೂರನೆಯದು, ಎದೆಯುದ್ದ ಬಂದಿತ್ತು. ನಲ್ಲಿ ಕೈಕೊಟ್ಟಾಗಲೆಲ್ಲ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡಿದ್ದ.

ಹಬ್ಬದ ದಿನ ಪತ್ರೆ ಕೀಳಬಾರದೆಂಬುದು ಶಾಸ್ತ್ರ. ಜನ ಹಿಂದಿನ ದಿನವೇ ಬರುತ್ತಾರೆ. ಅವತ್ತು ಅವನು ಬೆಳಿಗ್ಗೆಯೇ ಗಿಡದ ಸುತ್ತ ಜಾಲಿಮುಳ್ಳು ಕಟ್ಟಿ, ಪಕ್ಕದಲ್ಲೇ ಗುಲಾಬಿ ಗಿಡಗಳ ಕೊನೆ ಸವರುತ್ತಾ, ತರಗು ಗುಡಿಸುತ್ತಾ ಕಾವಲಿಗೆ ನಿಂತ.

ಬಂದವರೇನು ಪುಂಡರಲ್ಲ. ಚಪ್ಪಲಿ ಬಿಟ್ಟು, ಗಿಡಕ್ಕೆ ಕೈಮುಗಿದು, "ಒಂದೇ ಒಂದು ಪತ್ರೆ ಕಣಪ್ಪ" ಎಂದರು. ಒಬ್ಬೊಬ್ಬರೂ ಒಂದೊಂದೇ ಕಿತ್ತುಕೊಂಡರು. ಕಳ್ಳರಾಗಿದ್ದರೆ ದೊಣ್ಣೆ ಹಿಡಿಯಬಹುದಿತ್ತು, ಭಕ್ತರಿಗೆ ಏನು ಹಿಡಿಯುವುದು? ಕೊಬ್ಬರಿ ವ್ಯಾಪಾರದ ವೀರಭದ್ರಯ್ಯನವರ ಮುಂದೆ ಮಾತ್ರ ಧೈರ್ಯ ಮಾಡಿ ಅಡ್ಡ ನಿಂತ.

"ಬ್ಯಾಡಿ ಬುದ್ಧಿ, ಗಿಡ ಸತ್ತೋಯ್ತದೆ."

"ದೇವ್ರು ಕೊಟ್ರೂ ಪೂಜಾರಿ ಬುಡ ಅನ್ನಂಗಾಯ್ತು. ಸಿವ್ನಿಗೇ ಇಲ್ಲ ಅಂತೀಯೇನ್ಲಾ?"

ಮುಳ್ಳನ್ನು ಅವನೇ ಸರಿಸಿಕೊಟ್ಟ.

ಸಂಜೆಗೆ ಉಳಿದದ್ದು ಮೇಲಿನ ಕುಡಿಯೊಂದೇ. ಅದೊಂದಿದ್ದರೆ ಗಿಡ ಬದುಕೀತು ಎಂದು ಅವನಿಗೆ ಆಸೆ. ಅಷ್ಟರಲ್ಲಿ ಶಿವರುದ್ರಮ್ಮ ಏದುಸಿರು ಬಿಡುತ್ತಾ ಬಂದರು. ಅವರ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದು ಊರಿಗೇ ಗೊತ್ತಿತ್ತು. ಬಂದವರು ಪತ್ರೆ ಕೇಳಲೇ ಇಲ್ಲ.

"ಮುಗ್ದೋಯ್ತಾ ತಿಮ್ಮಯ್ಯ? ಹೋಗ್ಲಿ ಬುಡು. ಯಜಮಾನ್ರ ಕೈಲಿ ಒಂದು ಪತ್ರೆ ಏರ್ಸಾನ ಅಂತಿದ್ದೆ," ಎಂದು ವಾಪಸು ತಿರುಗಿದರು.

ಜಗಳಕ್ಕೆ ಬಂದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಸುಮ್ಮನೆ ಹೊರಟವರನ್ನು ನೋಡಿ ತಡೆಯಲಾಗಲಿಲ್ಲ. "ನಿಂತ್ಕಳಿ ಅವ್ವಾ" ಎಂದು ಕೂಗಿ, ಕುಡಿಯನ್ನು ಚಿವುಟಿ ಅವರ ಸೆರಗಿಗೆ ಹಾಕಿದ.

ಶಿವರುದ್ರಮ್ಮ ಅದನ್ನು ಕಣ್ಣಿಗೊತ್ತಿಕೊಂಡು, "ನಿನ್ನ ಗಿಡ ನೂರು ಕಾಲ ಬಾಳ್ಲಿ ಕಣಪ್ಪ," ಎಂದು ಹರಸಿದರು.

"ಆಗ್ಲಿ ಕಣ್ರವ್ವಾ," ಎಂದ ಸಣ್ಣತಿಮ್ಮಯ್ಯ.